ಕೋ-ಆಪ್: ಕಂಪನಿಯ ಹೆಸರಿಗಿಂತ ಮೊದಲು ಕಾಗದ ನೋಡಿ

ಕೆನಡಾದ ಒಂಟಾರಿಯೊದ ಹೈಸ್ಕೂಲುಗಳಲ್ಲಿ ಮುಂದಿನ ವರ್ಷದ ಕೋರ್ಸ್ ಆಯ್ಕೆ ಚಳಿಗಾಲದಲ್ಲೇ ನಡೆಯುತ್ತದೆ. ಅದರಲ್ಲಿ ಕೋ-ಆಪ್ (ಕೋ-ಆಪರೇಟಿವ್ ಎಜುಕೇಶನ್) ಎಂದರೆ ಕೆಲಸದ ಜಾಗಕ್ಕೆ ಹೋಗಿ ಕಲಿತು ಕ್ರೆಡಿಟ್ ಪಡೆಯುವ ಕೋರ್ಸ್. ಹನ್ನೊಂದನೇ ಗ್ರೇಡಿಗೆ ಹೋಗುವ ಮಗಳು ‘ಎರಡು ಕ್ರೆಡಿಟ್ ಕೋ-ಆಪ್ ತಗೋತೀನಿ’ ಅಂದ ಕೂಡಲೇ ಮಿಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡದ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಓದೋದು ಬಿಟ್ಟು ಕೆಲಸಕ್ಕೆ ಹೋಗೋದು ಯಾಕೆ? ಓದಿನಲ್ಲಿ ಹಿಂದಿರುವವರಿಗೆ ಕೋ-ಆಪ್ ಎಂಬ ನಂಬಿಕೆ ನಮ್ಮವರಲ್ಲಿ ಇನ್ನೂ ಗಟ್ಟಿಯಾಗಿದೆ. ಅದು ತಪ್ಪು. ಕೋ-ಆಪ್‌ಗೆ ಪಠ್ಯಕ್ರಮವಿದೆ, ಶಿಕ್ಷಕರಿದ್ದಾರೆ, ಅಂಕವಿದೆ. ತರಗತಿಯ ಬದಲು ಆಸ್ಪತ್ರೆ, ಗ್ಯಾರೇಜು, ಪ್ರಾಥಮಿಕ ಶಾಲೆ ಅಥವಾ ಕಚೇರಿ ಇರುತ್ತದೆ, ಅಷ್ಟೆ.

ಕೋ-ಆಪ್ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲೂ ಇದೆ; ಹೊಸದಾಗಿ ಬಂದವರಿಗೆ ಆ ಶಾಲೆಗಳ ಬಗ್ಗೆ ಒಂದು ಮಾತು. ಇಲ್ಲಿ ಕ್ಯಾಥೊಲಿಕ್ ಶಾಲೆ ಎಂದರೆ ಊರಿನ ಕಾನ್ವೆಂಟಿನಂತೆ ಶುಲ್ಕ ಕಟ್ಟುವ ಖಾಸಗಿ ಶಾಲೆಯಲ್ಲ. 1867ರ ಸಂವಿಧಾನದ 93ನೇ ವಿಧಿಯ ರಕ್ಷಣೆಯಲ್ಲಿ, ಸರ್ಕಾರದ ಹಣದಿಂದಲೇ ನಡೆಯುವ ಶಾಲೆ. ಹೈಸ್ಕೂಲಿನ ಕೊನೆಯವರೆಗೂ ಪೂರ್ಣ ಅನುದಾನ ಕೊಡುವ ಘೋಷಣೆ 1984ರಲ್ಲಿ ಆಗಿ, 1986ರಲ್ಲಿ ಕಾನೂನಾಯಿತು. ಹೈಸ್ಕೂಲಿಗೆ ಕ್ಯಾಥೊಲಿಕರಲ್ಲದ ಮಕ್ಕಳೂ ಸೇರಬಹುದಾದ್ದರಿಂದ, ಮಂಗಳೂರು ಕಡೆಯ ಕ್ರೈಸ್ತ ಮನೆಗಳ ಮಕ್ಕಳ ಪಕ್ಕದಲ್ಲೇ ಬೇರೆ ಧರ್ಮದ ಕನ್ನಡದ ಮಕ್ಕಳೂ ಕೂತಿರುತ್ತಾರೆ. ಕೋ-ಆಪ್ ನಿಯಮ ಎಲ್ಲ ಬೋರ್ಡುಗಳಿಗೂ, ಅಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಮಂಡಳಿಗಳಿಗೂ, ಒಂದೇ. ಈಗಿನ ಪಠ್ಯಕ್ರಮ 2018ರದು. ಕ್ಯಾಥೊಲಿಕ್ ಶಾಲೆಯಲ್ಲಿ ವ್ಯತ್ಯಾಸ ಕಾಣುವುದು ಎರಡು ಕಡೆ: ವೇಳಾಪಟ್ಟಿಯಲ್ಲಿ ಮತ್ತು ವಿದ್ಯಾರ್ಥಿ ತನ್ನ ಕೆಲಸದ ಅನುಭವದ ಬಗ್ಗೆ ಬರೆಯುವ ಅವಲೋಕನದಲ್ಲಿ.

ಮೊದಲು ಗಂಟೆಗಳ ಲೆಕ್ಕ. ಒಂದು ಕ್ರೆಡಿಟ್‌ಗೆ 110 ಗಂಟೆ, ಎರಡಕ್ಕೆ 220. ಎರಡು ಕ್ರೆಡಿಟ್ ಎಂದರೆ ಅರ್ಧ ದಿನದ ಪ್ಲೇಸ್‌ಮೆಂಟ್, ಅಂದರೆ ಕೆಲಸದ ಜಾಗದಲ್ಲಿ ಕಲಿಕೆ. 75 ನಿಮಿಷದ ಎರಡು ಪೀರಿಯಡ್ ಸೇರಿದರೆ ದಿನಕ್ಕೆ ಎರಡೂವರೆ ಗಂಟೆ, ಅಂದರೆ 220 ಗಂಟೆಗೆ 88 ದಿನ. ಸೆಮಿಸ್ಟರಿನಲ್ಲಿ ಪಾಠ ನಡೆಯುವ ದಿನಗಳೇ ತೊಂಬತ್ತರ ಆಸುಪಾಸು. ಪ್ಲೇಸ್‌ಮೆಂಟಿಗೆ ಮುಂಚಿನ ತರಗತಿ ಮತ್ತು ನಡುನಡುವೆ ಶಾಲೆಗೆ ಕರೆಸಿಕೊಳ್ಳುವ ದಿನಗಳು ಈ 220ರೊಳಗೇ ಬರುತ್ತವೆ. ಊಟದ ಬಿಡುವು, ಬಸ್ ಪ್ರಯಾಣ ಬರುವುದಿಲ್ಲ. ಕೈಯಲ್ಲಿ ಉಳಿಯುವ ಸಡಿಲ ಬಹಳ ಕಡಿಮೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ನಮ್ಮವರು ಎಡವುವುದು ಇಲ್ಲೇ. ಡಿಸೆಂಬರಿನಲ್ಲಿ ಊರಿಗೆ ಹೋದವರು ಸಂಕ್ರಾಂತಿ ಮುಗಿಸಿಕೊಂಡೇ ಹೊರಡುತ್ತಾರೆ. ಕ್ರಿಸ್‌ಮಸ್ ರಜೆಯ ಆಚೆಗೆ ಹತ್ತು ಶಾಲಾ ದಿನ ತಪ್ಪಿದರೆ 25 ಗಂಟೆ ಹೋಯಿತು. ಮೊದಲ ಸೆಮಿಸ್ಟರ್ ಜನವರಿ ಕೊನೆಗೆ ಮುಗಿಯುವುದರಿಂದ ಅದನ್ನು ತುಂಬಿಕೊಳ್ಳಲು ಮುಂದೆ ದಿನಗಳಿಲ್ಲ. ಬೇರೆ ವಿಷಯವಾದರೆ ಟಿಪ್ಪಣಿ ಓದಿ ಪರೀಕ್ಷೆ ಬರೆಯಬಹುದು. ಕೋ-ಆಪ್‌ನಲ್ಲಿ ಗಂಟೆಯೇ ಪಠ್ಯ. ಟಿಕೆಟ್ ಬುಕ್ ಆಗಿದ್ದರೆ ಎರಡನೇ ಸೆಮಿಸ್ಟರಿಗೆ ಹಾಕಿಸಿಕೊಳ್ಳಿ. ಅಥವಾ ಸೆಪ್ಟೆಂಬರಿನಲ್ಲೇ ಶಿಕ್ಷಕರಿಗೆ ತಿಳಿಸಿ, ಹೆಚ್ಚುವರಿ ಗಂಟೆಗಳನ್ನು ಪ್ಲೇಸ್‌ಮೆಂಟಿನ ಒಪ್ಪಂದದಲ್ಲಿ (ಅದರ ವಿವರ ಮುಂದಿದೆ) ಸೇರಿಸಿಕೊಳ್ಳಿ.

ಇಡೀ ದಿನದ ನಾಲ್ಕು ಕ್ರೆಡಿಟ್ ತೆಗೆದುಕೊಂಡರೆ ಆ ಸೆಮಿಸ್ಟರಿನಲ್ಲಿ ಬೇರೆ ವಿಷಯಕ್ಕೆ ಜಾಗವೇ ಇಲ್ಲ. ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದು ರಿಲಿಜನ್ ಕ್ರೆಡಿಟ್ ಇರುತ್ತದೆ. ಅದು ಇನ್ನೊಂದು ಸೆಮಿಸ್ಟರಿನ ನಾಲ್ಕರಲ್ಲಿ ಕೂರಬೇಕು. ಉಳಿದ ಮೂರರಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಹಿಡಿಸುತ್ತವೆಯೇ ಎಂದು ಕಾಗದದ ಮೇಲೆ ಬರೆದು ನೋಡಿ. ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಹನ್ನೆರಡನೇ ಗ್ರೇಡಿನ ಯು (ವಿಶ್ವವಿದ್ಯಾಲಯಕ್ಕೆ ಸಿದ್ಧಗೊಳಿಸುವ) ಅಥವಾ ಎಂ (ವಿಶ್ವವಿದ್ಯಾಲಯ, ಕಾಲೇಜು ಎರಡಕ್ಕೂ ಸಿದ್ಧಗೊಳಿಸುವ) ದರ್ಜೆಯ ಆರು ಕೋರ್ಸುಗಳ ಅಂಕ ನೋಡುತ್ತವೆ, ಕೋ-ಆಪ್ ಸಾಮಾನ್ಯವಾಗಿ ಆ ಆರರಲ್ಲಿ ಸೇರುವುದಿಲ್ಲ. ಹಾಗಾಗಿ ಎಂಜಿನಿಯರಿಂಗ್ ಗುರಿಯಿರುವವರಿಗೆ ಹನ್ನೊಂದನೇ ಗ್ರೇಡಿನಲ್ಲಿ ಎರಡು ಕ್ರೆಡಿಟ್ ಒಳ್ಳೆಯ ಹೊಂದಾಣಿಕೆ. ಹನ್ನೆರಡರಲ್ಲಿ ನಾಲ್ಕು ಕ್ರೆಡಿಟ್, ಎಲೆಕ್ಟ್ರಿಷಿಯನ್ ಅಥವಾ ಪ್ಲಂಬರ್ ಅಪ್ರೆಂಟಿಸ್‌ಶಿಪ್ ಹಿಡಿಯುವವರಿಗೆ ಹೇಳಿ ಮಾಡಿಸಿದಂತಿದೆ. ಇನ್ನೊಂದು ಗೊಂದಲ: ಹೈಸ್ಕೂಲ್ ಡಿಪ್ಲೊಮಾಗೆ ಬೇಕಾದ 40 ಗಂಟೆಯ ಸಮುದಾಯ ಸೇವೆಗೆ ಕೋ-ಆಪ್ ಗಂಟೆ ನಡೆಯುವುದಿಲ್ಲ. ಒಂದೇ ಗಂಟೆಯನ್ನು ಎರಡು ಕಡೆ ತೋರಿಸುವಂತಿಲ್ಲ.

ಈಗ ಮುಖ್ಯವಾದ ಕಾಗದ: ವರ್ಕ್ ಎಜುಕೇಶನ್ ಅಗ್ರಿಮೆಂಟ್. ವಿದ್ಯಾರ್ಥಿ, ಉದ್ಯೋಗದಾತ, ಬೋರ್ಡು, ಹಾಗೂ ವಿದ್ಯಾರ್ಥಿಗೆ 18 ತುಂಬಿಲ್ಲದಿದ್ದರೆ ಪೋಷಕರು, ಎಲ್ಲರ ಸಹಿಯೂ ಮೊದಲ ದಿನಕ್ಕಿಂತ ಮುಂಚೆ ಬಿದ್ದಿರಬೇಕು. ಕೆಲಸದ ಸ್ಥಳದಲ್ಲಿ ಗಾಯವಾದರೆ ಸಿಗುವ ಡಬ್ಲ್ಯುಎಸ್‌ಐಬಿ (ಒಂಟಾರಿಯೊದ ಕಾರ್ಮಿಕ ಸುರಕ್ಷತೆ ಮತ್ತು ವಿಮಾ ಮಂಡಳಿ) ವಿಮೆ ನಿಂತಿರುವುದು ಈ ಹಾಳೆಯ ಮೇಲೆ. ಸಂಬಳವಿಲ್ಲದ ಪ್ಲೇಸ್‌ಮೆಂಟಾದರೆ ವಿಮೆಯ ಮಟ್ಟಿಗೆ ಶಿಕ್ಷಣ ಸಚಿವಾಲಯವೇ ಉದ್ಯೋಗದಾತ. ಸಂಬಳ ಕೊಟ್ಟರೆ ಆ ಸಂಸ್ಥೆಯ ವಿಮೆ. ಹಾಳೆಯಲ್ಲಿ ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ ಎಂದು ಬರೆದಿರುತ್ತದೆ. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ 12ರಿಂದ 2:30 ಎಂದಿದ್ದು, ‘ಶನಿವಾರ ತುಂಬಾ ಗಿರಾಕಿ, ಸ್ವಲ್ಪ ಬಂದು ಹೋಗಮ್ಮ’ ಎಂದು ಅಂಗಡಿಯವರು ಕರೆದರೆ ಆ ಶನಿವಾರಕ್ಕೆ ರಕ್ಷಣೆ ಇಲ್ಲ. ಹೋಗಲೇಬೇಕೆಂದರೆ ಮೊದಲು ಶಿಕ್ಷಕರ ಮೂಲಕ ಬದಲಾವಣೆ ಬರೆಸಿಕೊಳ್ಳಿ. ಸಂಜೆಯ ಪಾರ್ಟ್‌ಟೈಮ್ ಕೆಲಸವನ್ನು ಅದೇ ಜಾಗದಲ್ಲಿ ಕೊಟ್ಟರೆ ಅದು ಬೇರೆಯೇ ಉದ್ಯೋಗ, ಅದಕ್ಕೆ ಕೋ-ಆಪ್ ಹಾಳೆ ಸಂಬಂಧಿಸಿದ್ದಲ್ಲ.

‘ನಮ್ಮವರದ್ದೇ ರೆಸ್ಟೋರೆಂಟ್ ಇದೆ, ಸೇರಿಸಿಬಿಡೋಣ’ ಎಂಬ ದಾರಿ ಸುಲಭ ಅನ್ನಿಸುತ್ತದೆ. ಆದರೆ ಅಪ್ಪ, ಚಿಕ್ಕಪ್ಪ ಸೂಪರ್‌ವೈಸರ್ ಆಗಿರುವ ಪ್ಲೇಸ್‌ಮೆಂಟನ್ನು ಬೋರ್ಡುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಂಟೆ ಪಟ್ಟಿಗೆ ಮನೆಯವರೇ ಸಹಿ ಹಾಕಿದರೆ ಆ ಪಟ್ಟಿಗೆ ಬೆಲೆ ಏನು? ವಯಸ್ಸನ್ನೂ ನೋಡಿಕೊಳ್ಳಿ: ಕಾರ್ಖಾನೆಗೆ ಕನಿಷ್ಠ 15, ಕಟ್ಟಡ ಕಾಮಗಾರಿಗೆ 16.

ಆಸ್ಪತ್ರೆ ಅಥವಾ ವೃದ್ಧರ ಆರೈಕೆ ಕೇಂದ್ರ ಬೇಕೆನ್ನುವ ಮಕ್ಕಳು ನಮ್ಮಲ್ಲಿ ಬಹಳ. ಇಲ್ಲಿ ತಡವಾಗುವುದು ಲಸಿಕೆ ದಾಖಲೆಯಿಂದ. ಕರ್ನಾಟಕದಲ್ಲಿ ಹುಟ್ಟಿದ ಮಗುವಿನ ತಾಯಿ ಕಾರ್ಡು ಸಿಕ್ಕರೂ ಅದರಲ್ಲಿ ಚಿಕನ್‌ಪಾಕ್ಸ್ ಲಸಿಕೆ ಸಾಮಾನ್ಯವಾಗಿ ಇರುವುದಿಲ್ಲ. ಭಾರತದ ಸಾರ್ವತ್ರಿಕ ಲಸಿಕೆ ಪಟ್ಟಿಯಲ್ಲಿ ಅದಿಲ್ಲ. ಎರಡು ಡೋಸಿನ ದಾಖಲೆ ಅಥವಾ ರಕ್ತಪರೀಕ್ಷೆ ಕೇಳುತ್ತಾರೆ. ಕ್ಷಯದ ಚರ್ಮ ಪರೀಕ್ಷೆ ಹೆಚ್ಚಾಗಿ ಎರಡು ಹಂತದ್ದು. ಮುಂಗೈಗೆ ಚುಚ್ಚಿದ ಮೇಲೆ 48ರಿಂದ 72 ಗಂಟೆಯೊಳಗೆ ನರ್ಸ್ ನೋಡಬೇಕು. ಒಂದರಿಂದ ನಾಲ್ಕು ವಾರ ಬಿಟ್ಟು ಮತ್ತೆ ಅದೇ. ಒಟ್ಟು ನಾಲ್ಕು ಬಾರಿ ಕ್ಲಿನಿಕ್. ಗುರುವಾರ ಚುಚ್ಚಿಸಿಕೊಂಡು, ವಾರಾಂತ್ಯ ಕ್ಲಿನಿಕ್ ಮುಚ್ಚಿದ್ದರೆ ಫಲಿತಾಂಶ ನೋಡುವ ಅವಧಿ ತಪ್ಪಿ ಮೊದಲಿನಿಂದ ಶುರು. ದಡಾರದ ಎಂಎಂಆರ್ ಲಸಿಕೆ ಬಾಕಿಯಿದ್ದರೆ ಕ್ಷಯ ಪರೀಕ್ಷೆಯ ದಿನವೇ ಹಾಕಿಸಿ. ಮೊದಲೇ ಹಾಕಿಸಿದ್ದರೆ ನಾಲ್ಕು ವಾರ ಕಾಯಬೇಕು, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗಿ ನೆಗೆಟಿವ್ ಬರಬಹುದು. ಪಾಸಿಟಿವ್ ಬಂದಾಗ ‘ಅದು ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯಿಂದ’ ಎನ್ನುವ ವಾದವನ್ನು ಹದಿನಾರರ ವಯಸ್ಸಿನಲ್ಲಿ ಇಲ್ಲಿನ ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಎದೆಯ ಎಕ್ಸ್-ರೇ ಬರೆಯುತ್ತಾರೆ. ಪಾಸಿಟಿವ್ ಎಂದ ಮಾತ್ರಕ್ಕೆ ಕಾಯಿಲೆ ಎಂದಲ್ಲ, ಗಾಬರಿ ಬೇಡ. ಸೆಪ್ಟೆಂಬರಿನ ಪ್ಲೇಸ್‌ಮೆಂಟಿಗೆ ಇದೆಲ್ಲ ಜೂನಿನಲ್ಲಿ ಶುರುವಾಗಬೇಕು.

ಗ್ಯಾರೇಜು, ಗೋದಾಮಿಗೆ ಹೋಗುವವರಿಗೆ ಬೂಟು. ಹಸಿರು ತ್ರಿಕೋನದ ಸಿಎಸ್‌ಎ (ಕೆನಡಾದ ಮಾನಕ ಸಂಸ್ಥೆಯ) ಗುರುತು ಇರಲಿ: ಕಾಲ್ಬೆರಳಿಗೆ ಮೊದಲ ದರ್ಜೆಯ ರಕ್ಷಣೆ, ಅಂಗಾಲಿಗೆ ಮೊಳೆ ಚುಚ್ಚದ ಪದರ. ಊರಿನಿಂದ ತಂದ ಕಬ್ಬಿಣದ ಮೂತಿಯ ಬೂಟು ಎಷ್ಟೇ ಗಟ್ಟಿಯಿರಲಿ, ಗುರುತಿಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ.

ಪ್ಲೇಸ್‌ಮೆಂಟ್ ಶುರುವಾದ ಮೇಲೆ ಕೇಳಿಬರುವ ದೂರು: ‘ಮೂರು ವಾರದಿಂದ ಬರೀ ಕಸ ಗುಡಿಸೋದು.’ ಮೊದಲ ವಾರ ಗುಡಿಸುವುದರಲ್ಲಿ ತಪ್ಪಿಲ್ಲ, ಎಲ್ಲರೂ ಗುಡಿಸುತ್ತಾರೆ. ಮೂರನೇ ವಾರವೂ ಅದೇ ಆದರೆ ಕಲಿಕಾ ಯೋಜನೆಯ ಹಾಳೆ ತೆಗೆಯಿರಿ. ಅದು ವಿದ್ಯಾರ್ಥಿ, ಶಿಕ್ಷಕ, ಸೂಪರ್‌ವೈಸರ್ ಸೇರಿ ಬರೆದದ್ದು. ‘ವಾಹನಗಳ ಬಗ್ಗೆ ಕಲಿಯುವುದು’ ಎಂದು ಬರೆದಿದ್ದರೆ ಗುಡಿಸುವುದೂ ಅದರಲ್ಲಿ ಅಡಗುತ್ತದೆ. ‘ಬ್ರೇಕ್ ಪ್ಯಾಡಿನ ದಪ್ಪ ಅಳೆದು ದಾಖಲಿಸುವುದು, ಆಯಿಲ್ ಬದಲಿಸುವುದು’ ಎಂದಿದ್ದರೆ ಕೇಳಲು ಆಧಾರ ಸಿಗುತ್ತದೆ. ಅಂಕ ಕೊಡುವವರು ಶಿಕ್ಷಕರು, ಸೂಪರ್‌ವೈಸರ್ ಅಭಿಪ್ರಾಯ ಬರೆಯುತ್ತಾರೆ ಅಷ್ಟೇ. ಆದ್ದರಿಂದ ಕೇಳಿದರೆ ಅಂಕ ಹೋದೀತು ಎಂಬ ಭಯ ಬೇಡ.

ಕ್ಯಾಥೊಲಿಕ್ ಶಾಲೆಯ ಮಕ್ಕಳಿಗೆ ಇಲ್ಲಿ ಇನ್ನೊಂದು ಆಸರೆಯೂ ಇದೆ. ಒಂಟಾರಿಯೊದ ಕ್ಯಾಥೊಲಿಕ್ ಪದವೀಧರರಿಂದ ಏನು ನಿರೀಕ್ಷಿಸಬೇಕು ಎಂಬ ಏಳು ಅಂಶಗಳಲ್ಲಿ ಒಂದರೊಳಗೆ ಬರುವ ಮಾತು, ಎಲ್ಲರ ಹಕ್ಕನ್ನು ಗೌರವಿಸುವ, ಸಮಾಜದ ಒಳಿತಿಗೆ ಒದಗುವ ದುಡಿಮೆಯಲ್ಲಿ ಅರ್ಥ ಮತ್ತು ಘನತೆ ಕಾಣುವುದು. ಅವಲೋಕನವನ್ನು ಇದಕ್ಕೆ ಹೊಂದಿಸಿ ಬರೆಯಲು ಹೇಳಿದಾಗ ಮಕ್ಕಳು ಪುಣ್ಯದ ಮಾತು ತುಂಬಿಸುತ್ತಾರೆ. ಓದುವ ಶಿಕ್ಷಕರಿಗೂ ಬೇಸರ. ಆರೈಕೆ ಕೇಂದ್ರದಲ್ಲಿ ಅಜ್ಜಿಯೊಬ್ಬರಿಗೆ ಊಟ ಮಾಡಿಸುವಾಗ ಸಹಾಯಕಿ ಯಾಕೆ ನಿಲ್ಲದೆ, ಕುರ್ಚಿ ಎಳೆದುಕೊಂಡು ಕಣ್ಣಿನ ಮಟ್ಟಕ್ಕೆ ಕೂತರು ಎಂದು ಬರೆದರೆ ಘನತೆ ಎಂಬ ಪದವೇ ಬೇಕಾಗುವುದಿಲ್ಲ. ಧರ್ಮ ಯಾವುದಾದರೂ ಇದನ್ನು ಬರೆಯಬಹುದು.

ಹಕ್ಕು ಎನ್ನುವುದು ಕಾನೂನಿನಲ್ಲೂ ಇದೆ. 2014ರ ನವೆಂಬರಿನಿಂದ ಸಂಬಳವಿಲ್ಲದ ಕೋ-ಆಪ್ ವಿದ್ಯಾರ್ಥಿಯೂ ಔದ್ಯೋಗಿಕ ಸುರಕ್ಷತಾ ಕಾಯ್ದೆಯಡಿ ಕಾರ್ಮಿಕನೇ: ಅಪಾಯ ತಿಳಿಯುವ, ಸುರಕ್ಷತೆಯಲ್ಲಿ ಪಾಲ್ಗೊಳ್ಳುವ, ಅಪಾಯದ ಕೆಲಸ ನಿರಾಕರಿಸುವ ಹಕ್ಕು ಮೂರೂ ಅವರಿಗಿವೆ. ದೊಡ್ಡವರಿಗೆ ಎದುರಾಡಬಾರದು ಎಂದು ಬೆಳೆದ ನಮ್ಮ ಮಕ್ಕಳಿಗೆ ಮೂರನೆಯದೇ ಕಷ್ಟ. ಹೇಳಬೇಕಾದ ಮಾತನ್ನು ಮನೆಯಲ್ಲೇ ಒಮ್ಮೆ ಬಾಯಿಗೆ ತರಿಸಿ: ‘ಈ ಯಂತ್ರಕ್ಕೆ ನನಗೆ ತರಬೇತಿ ಆಗಿಲ್ಲ, ಕಲಿಸಿದ ಮೇಲೆ ಮಾಡುತ್ತೇನೆ.’ ಹೇಳಿದ ಮೇಲೆ ಕೋ-ಆಪ್ ಶಿಕ್ಷಕರಿಗೆ ಫೋನ್.

ಗಾಯವಾದರೆ ಮೊದಲು ಚಿಕಿತ್ಸೆ, ಕೂಡಲೇ ಸೂಪರ್‌ವೈಸರ್‌ಗೆ ಮತ್ತು ಶಿಕ್ಷಕರಿಗೆ ಸುದ್ದಿ. ವೈದ್ಯರ ಬಳಿ ಬರೀ ಓಹಿಪ್ (ಒಂಟಾರಿಯೊ ಸರ್ಕಾರದ ಆರೋಗ್ಯ ವಿಮೆ) ಕಾರ್ಡು ತೋರಿಸಿ ಸುಮ್ಮನಾಗದೆ, ಕೋ-ಆಪ್ ಕೆಲಸದಲ್ಲಿ ಆದದ್ದು ಎಂದು ಹೇಳಿ ಬರೆಸಿ. ವೈದ್ಯಕೀಯ ಆರೈಕೆ ಬೇಕಾದ ಗಾಯದ ವರದಿ ಮೂರು ಕೆಲಸದ ದಿನಗಳೊಳಗೆ ಡಬ್ಲ್ಯುಎಸ್‌ಐಬಿಗೆ ಹೋಗಬೇಕು. ಅದನ್ನು ಕಳಿಸುವ ಹೊಣೆ ವಿದ್ಯಾರ್ಥಿಯದಲ್ಲ, ಆದರೆ ಶಾಲೆಗೆ ಅಂದೇ ತಿಳಿಸದೆ ನಾಳೆ ನೋಡೋಣ ಎಂದು ಬಿಟ್ಟರೆ ವರದಿಯೂ ತಡವಾಗುತ್ತದೆ.