ರೊಟ್ಟಿ ಮುರಿದರೆ ಎಷ್ಟು ಅಂಕ?

"ಊಟವನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡು ತಿನ್ನುತ್ತೀರಾ?"

ಕೊಪ್ಪಳದ ನಮ್ಮ ಚಿಗವ್ವನಿಗೆ ಈ ಪ್ರಶ್ನೆ ಓದಿ ಹೇಳಿದೆ. ರೊಟ್ಟಿ ಚೂರಿಗೆ ಪುಂಡಿಪಲ್ಯ ಹಚ್ಚಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಮುರೀಲಾರ್ದ ಹೆಂಗ ತಿಂತಾರವಾ? ಇಡೀದ ನುಂಗಬೇಕೇನು?"

ಪ್ರಶ್ನೆ ನನ್ನದಲ್ಲ. ಕೆನಡಾದಲ್ಲಿ ಡೇವಿಡ್ ಗಾರ್ನರ್ ಮತ್ತು ಜೊತೆಗಾರರು 1982ರಲ್ಲಿ ಹೊರತಂದ ಈಟ್-26 ಎಂಬ ಪ್ರಶ್ನಾವಳಿಯದು. ಈಟಿಂಗ್ ಡಿಸಾರ್ಡರ್ ಇರಬಹುದಾ ಅಂತ ಮೊದಲು ಸೋಸಿ ನೋಡಲು ಇದನ್ನು ಬಳಸುತ್ತಾರೆ. ದಪ್ಪ ಆಗ್ತೀನಿ ಎಂಬ ಭಯಕ್ಕೆ ಊಟವನ್ನೇ ಬಿಡುವ ಅನೊರೆಕ್ಸಿಯಾ, ಒಮ್ಮೆಲೇ ಸಿಕ್ಕಾಪಟ್ಟೆ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಬುಲಿಮಿಯಾ, ಇಂಥವು. ಮನಸ್ಸಿನ ಕಾಯಿಲೆಗಳಲ್ಲಿ ಜಾಸ್ತಿ ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. 26 ಪ್ರಶ್ನೆ. 'ಯಾವಾಗಲೂ' ಅಂದರೆ ಹೆಚ್ಚುಕಡಿಮೆ ಎಲ್ಲದಕ್ಕೂ 3 ಅಂಕ. ಒಟ್ಟು 20 ಮುಟ್ಟಿದರೆ ತಜ್ಞರಿಗೆ ತೋರಿಸಿ ಅಂತ ಲೆಕ್ಕ.

ಅದರಲ್ಲೇ ಇನ್ನೆರಡು ಪ್ರಶ್ನೆಗಳಿವೆ. ನೀವು ಇನ್ನೂ ತಿಂದರೆ ಚೆನ್ನ ಅಂತ ಬೇರೆಯವರಿಗೆ ಅನ್ನಿಸುತ್ತದಾ? ತಿನ್ನಿ ಅಂತ ಒತ್ತಾಯ ಮಾಡುತ್ತಾರಾ? ನಮ್ಮ ಕಡೆ ಒತ್ತಾಯ ಮಾಡದಿದ್ದರೆ ಬೀಗರು ಮುನಿಸಿಕೊಂಡು ಎದ್ದುಹೋಗುತ್ತಾರೆ. ಚಿಗವ್ವ ಮೂರಕ್ಕೂ 'ಯಾವಾಗ್ಲೂ' ಅಂದಳು. 9 ಅಂಕ. ಯಾವ ಕಾಯಿಲೆಯೂ ಇಲ್ಲದ ಹೆಂಗಸು ಕೂತಲ್ಲೇ ಅರ್ಧ ದಾರಿ ಬಂದುಬಿಟ್ಟಿದ್ದಳು.

ಇದು ಬರೀ ತಮಾಷೆಯಲ್ಲ. ಉತ್ತರ ಭಾರತದ ವಿದ್ಯಾರ್ಥಿನಿಯರಿಗೆ ಇದೇ ಪ್ರಶ್ನಾವಳಿ ಕೊಟ್ಟು ನೋಡಿದ ಮೈಕೇಲ್ ಕಿಂಗ್ ಮತ್ತು ದಿನೇಶ್ ಭುಗ್ರ 1989ರಲ್ಲೇ ಎಚ್ಚರಿಸಿದ್ದರು: ಕೆಲವು ಪ್ರಶ್ನೆಗಳನ್ನು ಹುಡುಗಿಯರು ತಮ್ಮ ರೂಢಿಯಂತೆ ಅರ್ಥ ಮಾಡಿಕೊಂಡು ಉತ್ತರಿಸಿದ್ದಾರೆ ಅಂತ. ಅಲ್ವಾ ಮತ್ತೆ? ಶ್ರಾವಣ ಸೋಮವಾರದ ಉಪವಾಸವೂ ರಂಜಾನ್ ರೋಜಾವೂ ಇರುವ ಊರಿನಲ್ಲಿ 'ಹಸಿದಾಗ ಊಟ ತಪ್ಪಿಸುತ್ತೀರಾ' ಅಂತ ಕೇಳಿದರೆ ಏನು ಹೇಳಬೇಕು?

ಉಲ್ಟಾ ತಪ್ಪು ಇನ್ನೂ ಅಪಾಯದ್ದು. ನಿಜವಾಗಿ ಕಾಯಿಲೆ ಇದ್ದವರು ಜರಡಿಯಲ್ಲಿ ಸೋರಿಹೋಗುವುದು. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1993ರಲ್ಲಿ 70 ಅನೊರೆಕ್ಸಿಯಾ ರೋಗಿಗಳ ವಿವರ ಬರೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ದಪ್ಪ ಆಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಅನ್ನುತ್ತಿದ್ದರು. ನಮ್ಮಲ್ಲೂ ಹುಡುಗಿ "ತೆಳ್ಳಗಾಗಬೇಕು" ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. "ಊಟ ಸೇರವಲ್ದು" ಅಂತಾಳೆ. ಮನೆಯವರು ಗ್ಯಾಸಿನ ಗುಳಿಗೆ ತರುತ್ತಾರೆ, ಟಾನಿಕ್ ತರುತ್ತಾರೆ, ದೃಷ್ಟಿ ತೆಗೆಯುತ್ತಾರೆ. ತಿಂಗಳುಗಳು ಹೋಗುತ್ತವೆ.

ಸೊರಗುವುದೆಂದರೆ ನಮ್ಮ ಹಿರಿಯರಿಗೆ ಮೊದಲಿಂದಲೂ ಆತಂಕ. "ಯಾಕವಾ, ಇಷ್ಟು ಸೊರಗೀಯಲ್ಲ" ಅನ್ನುವುದು ಇಲ್ಲಿ ಕುಶಲ ವಿಚಾರಿಸುವ ರೀತಿ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲೂ ಹಾಗೇ ಇತ್ತು. ಊಟ ಸೇರದಿರುವುದನ್ನು ಅವರು 'ಮದಾಕೆ' ಎಂಬ ಕಾಯಿಲೆ ಅಂತಲೇ ಕರೆಯುತ್ತಿದ್ದರು, ಮೈಕೈ ತುಂಬಿಕೊಂಡವರೇ ಚೆಂದ. 1995ರಲ್ಲಿ ಅಲ್ಲಿನ ನದ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂತು. ಹಾರ್ವರ್ಡ್‌ನ ಆನ್ ಬೆಕರ್ ಆ ವರ್ಷ ಶಾಲಾ ಹುಡುಗಿಯರನ್ನು ವಿಚಾರಿಸಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಬೇರೆ ಹುಡುಗಿಯರನ್ನು ಕೇಳಿದಾಗ ಶೇ. 11.3 ಮಂದಿ ಹೌದು ಅಂದರು. ಎಲ್ಲದಕ್ಕೂ ಟಿವಿಯೇ ಕಾರಣ ಅಂತ ಇಷ್ಟರಿಂದಲೇ ಸಾಬೀತಾಗುವುದಿಲ್ಲ. ಆದರೆ ಮೂರು ವರ್ಷ ಸಾಕಾಯಿತು ನೋಡಿ. ನಮ್ಮ ಹುಡುಗಿಯರ ಕೈಯಲ್ಲಂತೂ ಇಡೀ ದಿನ ಫೋನು.

ಫೋನಿಗಿಂತ ಮುಂಚೆಯೇ ಶಾಲೆಯಿತ್ತು ಅನ್ನಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ರಾಯಚೂರಿನ ಶಾಲೆಯೊಂದರಲ್ಲಿ ಆರೋಗ್ಯ ತಪಾಸಣೆ ನಡೆಯಿತು. ತೂಕದ ಮಷಿನ್ ವರಾಂಡದಲ್ಲಿತ್ತು. ಒಬ್ಬರು ಮೇಷ್ಟ್ರು ತೂಕ ಕೂಗಿ ಹೇಳೋರು, ಇನ್ನೊಬ್ಬರು ಬರೆದುಕೊಳ್ಳೋರು. ನನ್ನದು 58. "ಅರ್ಧ ಕ್ವಿಂಟಲ್ ದಾಟ್ಯಾಳ್ರೀ ಸರ್" ಅಂತ ಹಿಂದಿನಿಂದ ಒಂದು ದನಿ. ನನ್ನ ಗೆಳತಿಯದು 31, ಅವಳು ಅವತ್ತಿನಿಂದ 'ಕಡ್ಡಿ'. ಮರುದಿನದಿಂದ ನನ್ನ ಬುತ್ತಿಯನ್ನು ಅವಳೇ ತಿಂದಳು. ಇಬ್ಬರಿಗೂ ಅನುಕೂಲ ಅಂದುಕೊಂಡಿದ್ದೆವು. ರಾತ್ರಿ ಮನೆಗೆ ಬಂದು ನಾನು ಡಬ್ಬಿಯಲ್ಲಿದ್ದ ಶೇಂಗಾ ಉಂಡಿಯನ್ನೆಲ್ಲ ಕದ್ದು ತಿನ್ನುತ್ತಿದ್ದೆ.

ಅದು ಬುದ್ಧಿಗೇಡಿತನವಲ್ಲ, ದೇಹದ ಲೆಕ್ಕ ಅಂತ ತಿಳಿದಿದ್ದು ಎಷ್ಟೋ ವರ್ಷಗಳ ಮೇಲೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಅವರಿಗೆ ಹಗಲುರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಓದುತ್ತಾ ಕೂರೋರು. ಊಟ ಮತ್ತೆ ಸಿಕ್ಕಾಗ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಿಕ್ಕೇ ಆಗಲಿಲ್ಲ.

ಹಾಗಾದರೆ ತಡೆಯೋದು ಹೇಗೆ? ಕಾಯಿಲೆ ಬಗ್ಗೆ ಭಾಷಣ ಮಾಡಿದರೆ ಕಿವಿ ಮಾತ್ರ ತುಂಬುತ್ತದೆ. ಅಮೆರಿಕದ ಎರಿಕ್ ಸ್ಟೈಸ್ ತಂಡದ 'ಬಾಡಿ ಪ್ರಾಜೆಕ್ಟ್' ಬೇರೆ ದಾರಿ ಹಿಡಿಯಿತು. ಹುಡುಗಿಯರೇ ಗುಂಪಾಗಿ ಕೂತು 'ತೆಳ್ಳಗಿದ್ದರೇ ಚೆಂದ' ಅನ್ನುವುದರ ವಿರುದ್ಧ ವಾದ ಮಾಡಬೇಕು, ತಮಗಿಂತ ಚಿಕ್ಕವಳಿಗೆ ಪತ್ರ ಬರೆಯಬೇಕು. ಬಾಯಲ್ಲಿ ಒಂದು ಹೇಳಿ ಮನಸ್ಸಲ್ಲಿ ಇನ್ನೊಂದು ಇಟ್ಟುಕೊಳ್ಳುವುದು ಇರಿಸುಮುರಿಸು. ನಿಧಾನಕ್ಕೆ ಮನಸ್ಸೇ ಸರಿದುಕೊಳ್ಳುತ್ತದೆ. ಮೂರು ವರ್ಷ ಹಿಂಬಾಲಿಸಿ ನೋಡಿದಾಗ ಕಾಯಿಲೆ ಶುರುವಾಗುವ ಸಂಭವ ಚೆನ್ನಾಗಿಯೇ ತಗ್ಗಿತ್ತು.

ಆದರೆ ಇದನ್ನು ಸುಮ್ನೆ ಕನ್ನಡಕ್ಕೆ ಅನುವಾದಿಸಿ ಸಿಂಧನೂರಿನ ಹಾಸ್ಟೆಲ್ಲಿಗೆ ತಂದರೆ ಅರ್ಧ ನೋವು ಹೊರಗೇ ಉಳಿಯುತ್ತದೆ. ಇಲ್ಲಿ ತೂಕಕ್ಕಿಂತ ಮೊದಲು ಬಣ್ಣ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು, 2020ರಲ್ಲಿ ಹೆಸರಿನ 'ಫೇರ್' ಹೋಗಿ 'ಗ್ಲೋ' ಆಯಿತು. ಕನ್ಯಾ ನೋಡಲು ಬಂದವರು ಈಗಲೂ "ಹುಡುಗಿ ಸ್ವಲ್ಪ ಕಪ್ಪು" ಅಂತಲೇ ಏಳುತ್ತಾರೆ. ಗಂಡುಹುಡುಗರಿಗೆ 'ಕಡ್ಡಿ ಪೈಲ್ವಾನ್' ಎಂಬ ಬೈಗುಳ, ಅದರ ಹಿಂದೆಯೇ ಜಿಮ್ಮು, ಪ್ರೋಟೀನ್ ಡಬ್ಬ. ಜೊತೆಗೆ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ. ಇಂಥ ಕಡೆ 'ಬೊಜ್ಜು ಇಳಿಸಿ' ಅನ್ನುವ ಪೋಸ್ಟರನ್ನು 31 ಕಿಲೋದ ನನ್ನ ಗೆಳತಿಯಂಥವಳೂ ಓದುತ್ತಾಳೆ.

ಕೆಲಸಕ್ಕೆ ಜನ ಎಲ್ಲಿಂದ ಬರಬೇಕು? ಬಳ್ಳಾರಿಯಲ್ಲೇ ಇದೆ ಉತ್ತರ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿತು. 'ಬಳ್ಳಾರಿ ಮಾದರಿ' ಅಂತ ಹೆಸರಾಗಿ 1996ರಲ್ಲಿ ಅದೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಆಶಾ ಕಾರ್ಯಕರ್ತೆಯರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಊಟದ ವಿಷಯವನ್ನೂ ಹಾಗೇ ಕಲಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು ಅನ್ನುವುದು ಹಾಸ್ಟೆಲ್ ಗೋಡೆಯ ಮೇಲೆ ಬರೆದಿರಲಿ. ತೂಕದ ಮಷಿನ್ ಪರದೆ ಹಿಂದೆ ಇರಲಿ, ಅದಕ್ಕೇನೂ ಖರ್ಚಿಲ್ಲ.

ಕೊನೆಗೆ ಚಿಗವ್ವನನ್ನೇ ಕೇಳಿದೆ, ಹುಡುಗಿಯೊಬ್ಬಳು ಊಟ ಬಿಟ್ಟರೆ ನೀನಾದರೆ ಏನು ಕೇಳ್ತೀ ಅಂತ. ಅವಳು ಯೋಚಿಸಲಿಲ್ಲ. "ಎಷ್ಟು ತಿಂದಿ ಅಂತ ಕೇಳಂಗಿಲ್ಲ. ಎಲ್ಲಾರ ಕೂಡ ಕುಂದ್ರಾದು ಯಾವಾಗಿಂದ ಬಿಟ್ಟಿ, ಯಾರರ ಏನರ ಅಂದ್ರೇನು ಅಂತ ಕೇಳ್ತೀನಿ." 26 ಪ್ರಶ್ನೆಗಳಲ್ಲಿ ಇವೆರಡೂ ಇಲ್ಲ.