ತೋಟದ ಕೆರೆಯ ಕಾಟ್ಲಾ ಯಾಕೆ ಮರಿ ಮಾಡುವುದಿಲ್ಲ?

ಕೊಡಗಿನ ಕಾಫಿ ತೋಟಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ನೀರೊದಗಿಸುವ ಕೆರೆಗಳಿವೆಯಲ್ಲ, ಅಲ್ಲಿ ಮೀನು ಸಾಕುವವರು ಕೇಳುವ ಪ್ರಶ್ನೆ ಇದು. ಸಾಮಾನ್ಯ ಗೆಂಡೆ ಕೆರೆಯಲ್ಲೇ ಮರಿ ಮಾಡುತ್ತದೆ. ಗೆಂಡೆ ಜಾತಿಯವೇ ಆದ ಕಾಟ್ಲಾ, ರೋಹು ಮರಿಗಳನ್ನು ಮಾತ್ರ ಪ್ರತಿ ಸಲ ಕೊಂಡು ತಂದೇ ಬಿಡಬೇಕು. ಹಾಗಂತ ಅವು ಬಂಜೆಯಲ್ಲ. ಮುಂಗಾರಿನ ಹೊತ್ತಿಗೆ ಬಲಿತ ಕಾಟ್ಲಾದ ಹೊಟ್ಟೆ ಸೀಳಿದರೆ ತುಂಬ ಮೊಟ್ಟೆ.

ಮೊಟ್ಟೆ ಕಟ್ಟುವ ಕೆಲಸ ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ. ಹಗಲು ಉದ್ದವಾಗಿ ನೀರು ಬೆಚ್ಚಗಾಗುತ್ತಿದ್ದಂತೆ ಮೀನಿನ ಮಿದುಳು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು, ಪಿಟ್ಯುಟರಿಯ ಹಾರ್ಮೋನುಗಳು ಅಂಡಾಶಯವನ್ನು ಎಬ್ಬಿಸುತ್ತವೆ. ಅಂಡಾಶಯದಿಂದ ಹೊರಟ ಈಸ್ಟ್ರೊಜೆನ್ ಯಕೃತ್ತಿಗೆ ಹೋಗಿ ವಿಟೆಲೊಜೆನಿನ್ ಎಂಬ ಪ್ರೋಟೀನಿನ ಜೀನನ್ನು ಚಾಲೂ ಮಾಡುತ್ತದೆ. ಮೊಟ್ಟೆಯೊಳಗಿನ ಆಹಾರವೆಲ್ಲ ಹೆಚ್ಚಾಗಿ ಇದರಿಂದಲೇ. ಈ ಜೀನ್ ಗಂಡು ಮೀನಿನಲ್ಲೂ ಇದೆ, ಸುಮ್ಮನೆ ಮಲಗಿರುತ್ತದೆ. ಕೊಳಚೆ ನೀರಿನ ಮೂಲಕ ಈಸ್ಟ್ರೊಜೆನ್‌ನಂಥ ರಾಸಾಯನಿಕಗಳು ಹೊಳೆ ಸೇರಿದರೆ ಗಂಡಿನ ರಕ್ತದಲ್ಲೂ ವಿಟೆಲೊಜೆನಿನ್ ಕಾಣಿಸಿಕೊಳ್ಳುತ್ತದೆ. ಹೊಳೆಯ ಆರೋಗ್ಯ ತಿಳಿಯಲು ವಿಜ್ಞಾನಿಗಳು ಅದನ್ನೇ ಅಳೆಯುತ್ತಾರೆ.

ಈ ಸರಣಿಯ ಮೇಲ್ತುದಿಯಲ್ಲಿ, ಜಿಎನ್‌ಆರ್‌ಎಚ್ ಸುರಿಸಲು ಸಂಕೇತ ಕೊಡುವ ಕಿಸ್‌ಪೆಪ್ಟಿನ್ ಜೀನ್ ಇದೆ. ಮನುಷ್ಯರಲ್ಲಿ ಅದರ ಸಂಕೇತ ಕೆಟ್ಟರೆ ಪ್ರಾಯವೇ ಬರುವುದಿಲ್ಲ. ಆದರೆ 2015ರಲ್ಲಿ ಪ್ರಯೋಗಾಲಯಗಳಲ್ಲಿ ಸಾಕುವ ಪುಟ್ಟ ಜೀಬ್ರಾ ಮೀನಿನಿಂದ ಆ ಜೀನ್‌ಗಳನ್ನು ತೆಗೆದು ನೋಡಿದಾಗ ಅವು ಎಂದಿನಂತೆ ಮರಿ ಮಾಡಿದವು! ಒಂದು ದಾರಿ ಮುಚ್ಚಿದರೂ ಮೀನಿಗೆ ಬೇರೆ ದಾರಿಗಳಿವೆ.

ಕಾಟ್ಲಾ ನಿಂತುಬಿಡುವುದು ಕೊನೆಯ ಹೆಜ್ಜೆಯಲ್ಲಿ. ಬಲಿತ ಮೊಟ್ಟೆ ಕಳಚಿ ಹೊರಬರಬೇಕಾದರೆ ಪಿಟ್ಯುಟರಿಯಿಂದ ಎಲ್‌ಎಚ್ ಹಾರ್ಮೋನು ಒಮ್ಮೆಗೇ ಉಕ್ಕಬೇಕು. ಗೆಂಡೆ ಜಾತಿಯ ಮೀನುಗಳಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಅದಕ್ಕೆ ಬ್ರೇಕ್ ಹಾಕಿರುತ್ತದೆ. ಮಳೆಗೆ ಕೆಂಪಾಗಿ ಉಕ್ಕುವ ಹರಿವು ಸಿಕ್ಕರೆ ಹೊಳೆಯ ಕಾಟ್ಲಾ ಮೊಟ್ಟೆ ಬಿಡುತ್ತದೆ. ನಮ್ಮ ಗದ್ದೆಗಳಿಗೆ ಮೊದಲ ಮಳೆಯಲ್ಲಿ ಏರಿಬರುವ ಹತ್ತುಮೀನುಗಳೂ ಕಾಯುವುದು ಇಂಥದೇ ನೀರಿಗೆ. ನಿಂತ ಕೆರೆಯಲ್ಲಿ ಆ ಸುದ್ದಿ ತಲುಪುವುದೇ ಇಲ್ಲ. ಮೊಟ್ಟೆಗಳು ಹೊಟ್ಟೆಯಲ್ಲೇ ಕರಗಿಹೋಗುತ್ತವೆ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಬೇರೆ ಮೀನಿನ ಪಿಟ್ಯುಟರಿ ರಸವನ್ನು ಚುಚ್ಚಿ ದೇಶದ ಪ್ರಮುಖ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ದೇಶದ ಮೀನು ಸಾಕಣೆಯ ದಿಕ್ಕು ಬದಲಿಸಿದ ದಿನ ಅದು. ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನ. ಈಗಿನ ಚುಚ್ಚುಮದ್ದಿನಲ್ಲಿ ಕೃತಕ ಜಿಎನ್‌ಆರ್‌ಎಚ್ ಜೊತೆ ಡೋಪಮಿನ್ ತಡೆಯುವ ಡೊಂಪೆರಿಡೋನ್ ಇರುತ್ತದೆ, ನಾವು ವಾಂತಿಗೆ ನುಂಗುವ ಅದೇ ಮದ್ದು. ಸಂಜೆ ಚುಚ್ಚಿದರೆ ಬೆಳಗಾಗುವುದರೊಳಗೆ ಮೊಟ್ಟೆ.

ಕಾವೇರಿಯ ಮಹಶೀರ್ ಮೀನಿನ ವಿಷಯದಲ್ಲಿ ಇದು ಇಷ್ಟು ಸಲೀಸಲ್ಲ. ಮಹಶೀರ್ ಮೊಟ್ಟೆಗಳು ಕಾಟ್ಲಾದವಕ್ಕಿಂತ ಬಹಳ ಕಡಿಮೆ, ಅವನ್ನೂ ಅದು ಕಂತುಗಳಲ್ಲಿ ಬಿಡುತ್ತದೆ. ಅದರಲ್ಲೂ ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಮರಿ ಮಾಡಿಸಲು ಬೇಕಾದ ತಾಯಿಮೀನುಗಳನ್ನು ಹುಡುಕುವುದೇ ಅಲ್ಲಿ ಮೊದಲ ಕಷ್ಟ.