ಫ್ರಸ್ಟ್ರೇಟೆಡ್ ಮ್ಯಾಗ್ನೆಟ್ ಅಂದರೆ ಏನು?

ಕೆಲವು ಹರಳುಗಳನ್ನು ತುಂಬಾ ತಣ್ಣಗೆ ಮಾಡಿದರೂ ಒಳಗಿನ ಪುಟ್ಟ ಕಾಂತಗಳು, ಅಂದರೆ ಪರಮಾಣುಗಳ ಸ್ಪಿನ್‌ಗಳು, ಒಂದು ಕ್ರಮಕ್ಕೆ ಸುಲಭವಾಗಿ ಬರುವುದಿಲ್ಲ, ಕೆಲವದರಲ್ಲಿ ಬರುವುದೇ ಇಲ್ಲ; ಅಕ್ಕಪಕ್ಕದ ಎಲ್ಲ ಸ್ಪಿನ್‌ಗಳನ್ನೂ ಒಟ್ಟಿಗೆ ಒಪ್ಪಿಸುವ ಜೋಡಣೆಯೇ ಇರುವುದಿಲ್ಲ. ಇಂಥವನ್ನೇ ಫ್ರಸ್ಟ್ರೇಟೆಡ್ ಮ್ಯಾಗ್ನೆಟ್ ಅನ್ನುವುದು.

ಕಬ್ಬಿಣದ ಕಾಂತದಲ್ಲಿ ಸ್ಪಿನ್‌ಗಳು ಒಂದೇ ಕಡೆ ಮುಖ ಮಾಡುತ್ತವೆ. ಆಂಟಿಫೆರೊಮ್ಯಾಗ್ನೆಟ್‌ನಲ್ಲಿ ಹಾಗಲ್ಲ, ಒಂದು ಮೇಲೆ ನೋಡಿದರೆ ಪಕ್ಕದ್ದು ಕೆಳಗೆ ನೋಡಬೇಕು. ಚೌಕದ ನಾಲ್ಕು ಮೂಲೆಯಲ್ಲಿ ಇದು ಸಲೀಸು. ತ್ರಿಕೋನದಲ್ಲಿ ಆಗಲ್ಲ. ಸುಮ್ನೆ ಒಂದು ಹಾಳೆ ಮೇಲೆ ಬಾಣ ಹಾಕಿ ನೋಡಿ: ಒಂದು ಮೇಲೆ, ಇನ್ನೊಂದು ಕೆಳಗೆ ಇಟ್ಟ ಮೇಲೆ ಮೂರನೆಯದನ್ನು ಯಾವ ಕಡೆ ತಿರುಗಿಸಿದರೂ ಎರಡರಲ್ಲಿ ಒಂದರ ಜೊತೆ ತಕರಾರು ಉಳಿದೇ ಉಳಿಯುತ್ತದೆ.

ಮೈಸೂರಿನ ಮೇದರ ಬ್ಲಾಕ್ ಕಡೆ ಓಡಾಡಿದವರು ಬಿದಿರಿನ ಬುಟ್ಟಿ ನೋಡಿರುತ್ತೀರಿ. ದೊಡ್ಡ ಕಣ್ಣು ಬಿಟ್ಟು ಹೆಣೆದ ಬುಟ್ಟಿಯಲ್ಲಿ ದಬ್ಬೆಗಳು ಮೂರು ದಿಕ್ಕಿನಿಂದ ಬಂದು ಒಂದನ್ನೊಂದು ದಾಟುತ್ತವೆ, ನಡುವೆ ಆರು ಮೂಲೆಯ ಕಿಂಡಿ, ಅದರ ಸುತ್ತ ಪುಟ್ಟ ತ್ರಿಕೋನಗಳು. ಜಪಾನಿನಲ್ಲಿ ಈ ಹೆಣಿಗೆಗೆ ಕಾಗೊಮೆ ಅಂತಾರೆ. ದಬ್ಬೆ ದಾಟುವ ಜಾಗದಲ್ಲೆಲ್ಲ ಒಂದೊಂದು ತಾಮ್ರದ ಅಯಾನು ಇಟ್ಟರೆ ಅದು ಹರ್ಬರ್ಟ್‌ಸ್ಮಿತೈಟ್ ಅನ್ನೋ ಹಸಿರು ಖನಿಜದ ಒಂದು ಪದರ. ಪದರಗಳ ನಡುವೆ ಕಾಂತಗುಣವಿಲ್ಲದ ಸತು ಕೂತಿರುತ್ತದೆ.

ಇದನ್ನು ಅಳೆಯುವ ಬಗೆ ನನಗೆ ತುಂಬಾ ಇಷ್ಟ. ಸ್ಕ್ವಿಡ್ ಮ್ಯಾಗ್ನೆಟೋಮೀಟರ್‌ನಲ್ಲಿ (ತೀರಾ ಸಣ್ಣ ಕಾಂತಗುಣವನ್ನೂ ಅಳೆಯುವ ಉಪಕರಣ) ಹರಳು ಇಟ್ಟು, ತಣ್ಣಗಾಗುತ್ತಾ ಹೋದಂತೆ ಅದು ಹೊರಗಿನ ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಅಂತ ಗ್ರಾಫ್ ಎಳೆಯುತ್ತಾರೆ. ಬಿಸಿ ಇರುವಾಗಿನ ಗೆರೆಯಿಂದ ಕ್ಯೂರಿ-ವೈಸ್ ತಾಪಮಾನ ಸಿಗುತ್ತದೆ, ಸ್ಪಿನ್‌ಗಳ ನಡುವಿನ ಸೆಳೆತ ಎಷ್ಟು ಜೋರು ಅನ್ನೋದರ ಅಳತೆ ಅದು. ಹರ್ಬರ್ಟ್‌ಸ್ಮಿತೈಟ್‌ನಲ್ಲಿ ಇದು ಸುಮಾರು ಮೈನಸ್ 300 ಕೆಲ್ವಿನ್ (ಇಲ್ಲಿ ಮೈನಸ್ ಅಂದರೆ ಪಕ್ಕದ ಸ್ಪಿನ್‌ಗಳು ವಿರುದ್ಧ ಮುಖ ಮಾಡಲು ನೋಡುತ್ತವೆ ಅಂತ ಅಷ್ಟೇ, ಹರಳು ಅಷ್ಟು ತಣ್ಣಗಿದೆ ಅಂತಲ್ಲ). ಅಷ್ಟು ಸೆಳೆತಕ್ಕೆ ನಮ್ಮ ಕೋಣೆಯ ತಾಪಮಾನದ ಆಸುಪಾಸಿನಲ್ಲೇ ಸ್ಪಿನ್‌ಗಳು ಸಾಲಾಗಿ ನಿಲ್ಲಬೇಕಿತ್ತು, ಅಲ್ವಾ? 0.05 ಕೆಲ್ವಿನ್‌ವರೆಗೆ ಇಳಿಸಿದರೂ ನಿಲ್ಲಲಿಲ್ಲ! ಮೈನಸ್ ಗುರುತು ಬಿಟ್ಟು ನೋಡಿದಾಗ ಕ್ಯೂರಿ-ವೈಸ್ ತಾಪಮಾನ ನಿಜವಾಗಿ ಕ್ರಮ ಮೂಡುವ ತಾಪಮಾನಕ್ಕಿಂತ 10 ಪಟ್ಟಿಗಿಂತ ಜಾಸ್ತಿ ಇದ್ದರೆ ಫ್ರಸ್ಟ್ರೇಶನ್ ಜೋರಾಗಿದೆ ಅಂತ ಲೆಕ್ಕ.

1973ರಲ್ಲಿ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಊಹಿಸಿದ ಕ್ವಾಂಟಮ್ ಸ್ಪಿನ್ ದ್ರವ, ಅಂದರೆ ಎಷ್ಟು ತಣ್ಣಗಾದರೂ ಸ್ಪಿನ್‌ಗಳು ಹೆಪ್ಪುಗಟ್ಟದ ಸ್ಥಿತಿ, ಇದೇನಾ ಅನ್ನೋದು ಮುಂದಿನ ಪ್ರಶ್ನೆ. 2012ರಲ್ಲಿ ಹರ್ಬರ್ಟ್‌ಸ್ಮಿತೈಟ್ ಮೇಲೆ ನ್ಯೂಟ್ರಾನ್ ಹಾಯಿಸಿದಾಗ, ಕ್ರಮವಿರುವ ಕಾಂತದಲ್ಲಿ ಕಾಣುವ ಚೂಪಾದ ಚುಕ್ಕೆಗಳ ಬದಲು ಹರಡಿಕೊಂಡ ಮಸುಕು ಕಂಡಿತು, ಸ್ಪಿನ್ ದ್ರವದ ಪರವಾದ ಸುಳಿವು ಅದು.

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುವವರು ಇಂಥ ಪೇಪರ್ ಹಿಡಿದರೆ ಮೊದಲು ಹರಳು ಎಷ್ಟು ಶುದ್ಧ ಅಂತ ನೋಡಿ. ಸತು ಇರಬೇಕಾದ ಜಾಗದಲ್ಲಿ ಒಂದಿಷ್ಟು ತಾಮ್ರ ಬಂದು ಕೂತಿರುತ್ತದೆ, ತೀರಾ ತಣ್ಣಗಿರುವಾಗ ಗ್ರಾಫ್ ಮೇಲೇರುವುದು ಹೆಚ್ಚಾಗಿ ಅದರಿಂದಲೇ.